ದಡಾರದ ವೈರಾಣುವಿನ ಕುಲನಿರ್ಣಯ

ದಡಾರದ ಲಸಿಕೆ ಪಡೆದ ನೂರು ಮಕ್ಕಳಲ್ಲಿ ಸುಮಾರು ಐವರಿಗೆ, ಒಂದೆರಡು ವಾರಗಳೊಳಗೆ, ಜ್ವರವೂ ಕೆಂಪು ದದ್ದುಗಳೂ ಕಾಣಿಸಿಕೊಳ್ಳುವುದುಂಟು. ಲಸಿಕೆಯಲ್ಲಿರುವ ಬಲಗುಂದಿಸಿದ ಜೀವಂತ ವೈರಾಣುವಿಗೆ ದೇಹವು ತೋರುವ ಈ ಪ್ರತಿಕ್ರಿಯೆ ಸಾಮಾನ್ಯವಾಗಿ ತಾನಾಗಿಯೇ ಶಮನವಾಗತಕ್ಕದ್ದು. ಲಸಿಕೆಯ ಆ ವೈರಾಣು ಒಬ್ಬರಿಂದ ಮತ್ತೊಬ್ಬರಿಗೆ ಹರಡಿದುದಕ್ಕೆ ದೃಢಪಟ್ಟ ನಿದರ್ಶನವಿಲ್ಲ. ಆದರೆ ನಿಜವಾದ ದಡಾರವು ಊರಿನಲ್ಲಿ ಹಬ್ಬಿರುವಾಗ, ಈಚೆಗೆ ಲಸಿಕೆ ಪಡೆದ ಮಗುವಿನ ಮೈಮೇಲೆ ಮೂಡಿದ ದದ್ದು ಯಾವುದರ ಫಲವೆಂಬುದನ್ನು ಅನುಭವಿಯಾದ ವೈದ್ಯನೂ ಕಣ್ಣಳತೆಯಿಂದ ಹೇಳಲಾರನು. ರಕ್ತದಲ್ಲಿ ಐಜಿಎಂ ಪ್ರತಿಕಾಯವನ್ನು ಹುಡುಕುವ ವಾಡಿಕೆಯ ಪರೀಕ್ಷೆಯೂ ಎರಡು ಪಕ್ಷದಲ್ಲಿಯೂ ಒಂದೇ ಉತ್ತರವನ್ನು ಕೊಡಬಹುದು.

ಈ ಭೇದವನ್ನು ನಿಸ್ಸಂದೇಹವಾಗಿ ತಿಳಿಸಬಲ್ಲುದು ವೈರಾಣುವಿನ ವಂಶವಾಹಿ ಮಾತ್ರ. ಅಮೆರಿಕದ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಅವರು 1954ರಲ್ಲಿ ಬೇರ್ಪಡಿಸಿದ ಎಡ್ಮನ್‌ಸ್ಟನ್ ತಳಿಯಿಂದ ಹುಟ್ಟಿದವೂ ಸೇರಿದಂತೆ ಲಸಿಕೆಯ ತಳಿಗಳೆಲ್ಲವೂ ‘ಎ’ ಕುಲಕ್ಕೆ ಸೇರಿದವು. ಈಚಿನ ವರ್ಷಗಳಲ್ಲಿ ಜಗತ್ತಿನಲ್ಲಿ ಸಂಚರಿಸುತ್ತಿರುವ ಕಾಡುತಳಿಗಳಾದರೋ ಮುಖ್ಯವಾಗಿ ‘ಬಿ3’ ಮತ್ತು ‘ಡಿ8’. ಗಂಟಲಿನ ದ್ರವದ ಮಾದರಿಯಲ್ಲಿ ‘ಎ’ ಕುಲವನ್ನಷ್ಟೇ ಗುರುತಿಸುವ ಪಿಸಿಆರ್ ಪರೀಕ್ಷೆಯು, ಸಂಪೂರ್ಣ ಅನುಕ್ರಮವನ್ನು ಓದುವ ದೀರ್ಘಕಾರ್ಯಕ್ಕೆ ಕಾಯದೆ, ಕೆಲವು ಗಂಟೆಗಳಲ್ಲಿ ನಿರ್ಣಯ ಕೊಡಬಲ್ಲುದು.

ಇದರ ಅಗತ್ಯವು ಕ್ಯಾಲಿಫೋರ್ನಿಯದಲ್ಲಿ ಸ್ಪಷ್ಟವಾಯಿತು. 2014ರ ಕೊನೆಯಲ್ಲಿ ಡಿಸ್ನಿಲ್ಯಾಂಡಿನಿಂದ ಹಬ್ಬಿದ ದಡಾರಕ್ಕೆ ಬೆದರಿ ಜನರು ಲಸಿಕೆಗೆ ಧಾವಿಸಿದರು. 2015ರಲ್ಲಿ ಇಡೀ ಅಮೆರಿಕದಲ್ಲಿ ದೊರೆತ 194 ವೈರಾಣು ಅನುಕ್ರಮಗಳಲ್ಲಿ 73 ಲಸಿಕೆಯವೇ ಆಗಿದ್ದವು. ಲಸಿಕೆಯೇ ರೋಗವನ್ನು ಹರಡಿತೆಂದು ಈ ಸಂಖ್ಯೆಯನ್ನು ತಿರುಚಿ ಹೇಳುವವರುಂಟು. ಸತ್ಯವು ಅದಕ್ಕೆ ವಿಪರೀತವಾದುದು: ಹಬ್ಬಿದ್ದು ‘ಬಿ3’ ತಳಿ, ಆ 73 ಪ್ರಕರಣಗಳನ್ನು ಕುಲನಿರ್ಣಯವು ರೋಗಿಗಳ ಲೆಕ್ಕದಿಂದ ಬೇರ್ಪಡಿಸಿತು.

ಲಸಿಕೆಯ ನಂತರದ ಪ್ರತಿಯೊಂದು ದದ್ದಿಗೂ ಈ ಪರೀಕ್ಷೆ ಬೇಕಿಲ್ಲ. ಸೋಂಕಿನ ಸಂಪರ್ಕದ ಶಂಕೆಯಿದ್ದಲ್ಲಿ ಫಲಿತಾಂಶ ಬರುವವರೆಗೆ ಮಗುವನ್ನು ಪ್ರತ್ಯೇಕವಾಗಿರಿಸುವುದನ್ನೂ ಬಿಡಲಾಗದು. ಆದರೆ ಅಂಥ ಶಂಕೆಯಿದ್ದಾಗ ಮಾದರಿಯನ್ನು ಮೊದಲ ದಿನಗಳಲ್ಲಿಯೇ ತೆಗೆದು, ತ್ವರಿತವಾಗಿ ಪರೀಕ್ಷಿಸಿ, ನಿರ್ಣಯವನ್ನು ಕಡತದಲ್ಲಿ ಹುದುಗಿಸದೆ ತಾಯಿತಂದೆಯರಿಗೆ ತಿಳಿಸುವ ವ್ಯವಸ್ಥೆಯು ನಮ್ಮಲ್ಲಿಯೂ ಆಗಲೇಬೇಕು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನವನ್ನು ಆರಂಭಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಕ್ಕಳ ತೋಳನ್ನು ನಂಬಿಕೆಯಿಂದ ಒಡ್ಡಿರೆಂದು ಕೇಳುವ ಸರ್ಕಾರವು, ಆಮೇಲೆ ಆ ತಾಯಂದಿರು ಕೇಳುವ ಪ್ರಶ್ನೆಗೆ ಪ್ರಮಾಣಸಹಿತವಾದ ಉತ್ತರವನ್ನು ಕೊಡುವ ಹೊಣೆಯನ್ನೂ ಹೊತ್ತಿದೆ.