ನಾಲ್ಕು ಬೋಲ್ಟುಗಳ ಪಾಠ

1950ರಲ್ಲಿ ಜರ್ಮನಿಯಲ್ಲಿ ತಯಾರಾಗತೊಡಗಿದ ಫೋಕ್ಸ್‌ವ್ಯಾಗನ್ ವ್ಯಾನಿನ ಎಂಜಿನ್ ಇದ್ದದ್ದು ಹಿಂಬದಿಯಲ್ಲಿ. ಗಾಳಿಯಿಂದಲೇ ತಣಿಯುವ ಅದಕ್ಕೆ ರೇಡಿಯೇಟರ್ ಬೇಕಿರಲಿಲ್ಲ. ಆರಂಭದ ಮಾದರಿಗಳಲ್ಲಿ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪೆಟ್ರೋಲ್ ಕೊಳವೆಯನ್ನು ಮುಚ್ಚಿ, ವೈರುಗಳನ್ನೂ ಆಕ್ಸಿಲರೇಟರ್ ಮತ್ತು ಹೀಟರ್ ಕೇಬಲ್ಲುಗಳನ್ನೂ ಬಿಡಿಸಿ, ಅಡಿಗೆ ಜಾಕ್ ಕೊಟ್ಟು, ಗೇರ್‌ಬಾಕ್ಸಿಗೆ ಬಿಗಿದ ನಾಲ್ಕು ಬೋಲ್ಟುಗಳನ್ನು ಕಳಚಿದರೆ ಎಂಜಿನ್ ಹಿಂದಕ್ಕೆ ಸರಿದು ಕೆಳಗಿಳಿಯುತ್ತದೆ. 1969ರಲ್ಲಿ ಪ್ರಕಟವಾದ ಜಾನ್ ಮ್ಯೂರ್ ಅವರ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಅಮೆರಿಕದ ಎಷ್ಟೋ ಸಾಮಾನ್ಯರು ಮನೆಯಂಗಳದಲ್ಲೇ ಇಂಥ ಕೆಲಸಕ್ಕೆ ಕೈಹಾಕಿದರು.

ಇದನ್ನು ಹಳೆಯ ವಸ್ತುಗಳ ಮೋಹವೆಂದು ತಳ್ಳಿಹಾಕಲಾಗದು. ಇಲ್ಲಿರುವುದು ಒಡೆತನದ ಪ್ರಶ್ನೆ. ಕೊಂಡವರು ಬಿಚ್ಚಿ ನೋಡಲಾಗದ ವಸ್ತು ಅರ್ಧ ಮಾತ್ರ ಅವರದು. ಇಂದಿನ ಕಾರುಗಳಲ್ಲಿ ತಯಾರಕರು ಬೀಗ ಹಾಕುವುದು ದೋಷವನ್ನು ಪತ್ತೆಹಚ್ಚುವ ಮಾಹಿತಿಗೆ. ಮ್ಯಾಸಚೂಸೆಟ್ಸಿನ ಮತದಾರರು 2012ರಲ್ಲಿಯೂ 2020ರಲ್ಲಿಯೂ ದುರಸ್ತಿಯ ಹಕ್ಕನ್ನು ಎತ್ತಿಹಿಡಿದರು. ಎರಡನೆಯ ತೀರ್ಪನ್ನು ತಯಾರಕರ ಒಕ್ಕೂಟ ನ್ಯಾಯಾಲಯಕ್ಕೆ ಎಳೆಯಿತು.

ಕನ್ನಡಿಗ ವಲಸಿಗರ ಮುಂದೆ ಇನ್ನೊಂದು ಪ್ರಶ್ನೆಯೂ ಉಂಟು. ಮಸಿ ಮೆತ್ತಿದ ಕೈಯನ್ನು ಜಾತಿಯ ಏಣಿಯ ಕೆಳಗಿಟ್ಟ ಸಮಾಜದಿಂದ ಬಂದವರು ಹೊರದೇಶದಲ್ಲಿ ಅದೇ ಮಸಿಯನ್ನು ವಾರಾಂತ್ಯದ ಹವ್ಯಾಸವೆಂದು ಮೆರೆಸುವುದುಂಟು. ಊರಿನ ಗ್ಯಾರೇಜಿನಲ್ಲಿ ಹೊಟ್ಟೆಪಾಡಿಗಾಗಿ ಇದೇ ಕೆಲಸ ಮಾಡುವ ಹುಡುಗನ ಕೂಲಿ, ಸುರಕ್ಷತೆ, ಘನತೆಗಳ ವಿಷಯದಲ್ಲಿ ಮಾತ್ರ ಮೌನ. ದುರಸ್ತಿಯ ಹಕ್ಕನ್ನು ಕೇಳುವವರು ದುರಸ್ತಿ ಮಾಡುವವರ ಹಕ್ಕನ್ನೂ ಕೇಳಬೇಕು. ಇಲ್ಲದಿದ್ದರೆ ಆ ಬೇಡಿಕೆ ಉಳ್ಳವರ ಅನುಕೂಲವಾಗಿಯೇ ಉಳಿಯುತ್ತದೆ.