ಬಂಟ್ವಾಳದ ಸೆಕೆ, ಗಣಕದ ಏರುಪದ

ಪರೀಕ್ಷೆ ಮುಗಿದು ಏಪ್ರಿಲ್ ರಜೆ ಬಂತೆಂದರೆ ಮನೆಯ ಗಣಕದ ವೇಗ ಹೆಚ್ಚಿಸುವ ಉಮೇದು ಕೆಲವು ಮಕ್ಕಳಿಗೆ ಬರುತ್ತದೆ. ಹೊಸ ಪ್ರೊಸೆಸರ್ ಕೊಳ್ಳಲು ದುಡ್ಡಿಲ್ಲ. ಇದ್ದುದನ್ನೇ ತಯಾರಕರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಿದರಾಯಿತು. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಗಣಕ ಸುಟ್ಟುಹೋದೀತೆಂದು ಹೆತ್ತವರಿಗೆ ಹೆದರಿಕೆ.

ಯಕ್ಷಗಾನ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಭಾಗವತರ ತಾಳಕ್ಕೆ ಸರಿಯಾಗಿ ವೇಷಧಾರಿಯ ಹೆಜ್ಜೆ ಬೀಳಬೇಕು. ಪ್ರೊಸೆಸರಿಗೂ ಅಂಥದೇ ತಾಳವಿದೆ. ಈಗಿನ ಹೆಚ್ಚಿನ ಗಣಕಗಳಲ್ಲಿ ಮೂಲ ತಾಳ ಸೆಕೆಂಡಿಗೆ 10 ಕೋಟಿ ಬಾರಿ, ಅಂದರೆ 100 ಮೆಗಾಹರ್ಟ್ಸ್. ಅದನ್ನು 45ರಿಂದ ಗುಣಿಸಿದರೆ 4.5 ಗಿಗಾಹರ್ಟ್ಸ್, ಗುಣಕ 46 ಆದರೆ 4.6. ಏರುಪದದಲ್ಲಿ ತಾಳ ಮಿತಿ ಮೀರಿದರೆ ಎಂಥ ವೇಷಧಾರಿಯ ಹೆಜ್ಜೆಯೂ ತಪ್ಪುತ್ತದೆ. ಪ್ರೊಸೆಸರಿನ ಹೆಜ್ಜೆ ತಪ್ಪಿದರೆ ಗಣಕ ಸ್ತಬ್ಧವಾಗುತ್ತದೆ. ಇಲ್ಲವೇ ಸದ್ದಿಲ್ಲದೆ ತಪ್ಪು ಲೆಕ್ಕ ಬರೆದಿಡುತ್ತದೆ. ಹೆದರಬೇಕಾದ್ದು ಈ ಎರಡನೆಯದಕ್ಕೆ. ಅಪ್ಪನ ಅಡಿಕೆ ಲೆಕ್ಕ, ಅಕ್ಕನ ಪ್ರಾಜೆಕ್ಟ್ ವರದಿ ಆ ಗಣಕದಲ್ಲಿದ್ದರೆ ಮೊದಲು ಅವುಗಳ ಪ್ರತಿ ಬೇರೆಡೆ ತೆಗೆದಿಡಬೇಕು.

1998ರಲ್ಲಿ ಇಂಟೆಲ್ ತಂದ 300 ಮೆಗಾಹರ್ಟ್ಸಿನ ಸೆಲೆರಾನ್ 300ಎ ಅನೇಕರ ಮನೆಯಲ್ಲಿ 450ರಲ್ಲಿ ಓಡಿತು. ಆ ಸುಗ್ಗಿ ಈಗಿಲ್ಲ. ಇಂದಿನ ಪ್ರೊಸೆಸರುಗಳು ಟರ್ಬೊ ಎಂಬ ಏರ್ಪಾಡಿನಿಂದ ತಾವೇ ವೇಗ ಏರಿಸಿಕೊಳ್ಳುತ್ತವೆ. ನಮ್ಮ ಕೈಗೆ ಉಳಿದಿರುವುದು ಅಲ್ಪಸ್ವಲ್ಪ. ಅದೂ ಎಲ್ಲದರಲ್ಲಿಲ್ಲ. ಇಂಟೆಲಿನಲ್ಲಾದರೆ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರಬೇಕು. ಎಎಂಡಿ ರೈಜೆನ್‌ಗಳಲ್ಲಿ ಹೆಚ್ಚಿನವಕ್ಕೆ ಗುಣಕದ ಬೀಗವಿಲ್ಲ, ಆದರೆ ಮದರ್‌ಬೋರ್ಡ್ ಒಪ್ಪಬೇಕು. ಲ್ಯಾಪ್‌ಟಾಪಿನ ಗೊಡವೆ ಬೇಡವೇ ಬೇಡ. ವಾರಂಟಿಯ ಕಾಗದವನ್ನೂ ಮೊದಲೇ ಓದಬೇಕು. ಈ ಕೆಲಸದಿಂದ ಅದು ರದ್ದಾಗಬಹುದು.

ಮುಖ್ಯ ಮಾತು ಶಾಖದ್ದು. ಶಾಖ ವೇಗದ ಜೊತೆಗೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಎರಡನ್ನೂ ಶೇಕಡ 10 ಹೆಚ್ಚಿಸಿದರೆ 1.1 × 1.1 × 1.1, ಅಂದರೆ 1.331, ಶಾಖ ಸುಮಾರು ಮೂರನೇ ಒಂದು ಪಾಲು ಹೆಚ್ಚಾಯಿತು. ಫ್ಯಾನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನ 24 ಡಿಗ್ರಿಯ ಕೋಣೆಯಲ್ಲಿ 75 ತೋರಿಸಿದ ಪ್ರೊಸೆಸರ್ ಬಂಟ್ವಾಳದ 34 ಡಿಗ್ರಿಯ ಸೆಕೆಯಲ್ಲಿ ಸುಮಾರು 85 ತೋರಿಸುತ್ತದೆ. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಒತ್ತಿಟ್ಟು, ರೆಕ್ಕೆಗಳ ನಡುವೆ ಕೆಮ್ಮಣ್ಣಿನ ಧೂಳು ತುಂಬಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಡಿಸೆಂಬರಿನ ರಾತ್ರಿ ಬೆಳ್ತಂಗಡಿಯಲ್ಲಿ ಪಾಸಾದ ವೇಗ ಏಪ್ರಿಲಿನ ಮಧ್ಯಾಹ್ನ ಫೇಲಾದರೆ ಆಶ್ಚರ್ಯವಿಲ್ಲ. ಏಪ್ರಿಲಿನಲ್ಲಿ ನಿಂತದ್ದು ಮಾತ್ರ ವರ್ಷವಿಡೀ ನಿಂತೀತು. ಆ ಲೆಕ್ಕದಲ್ಲಿ ಮಕ್ಕಳು ಆರಿಸಿಕೊಂಡ ತಿಂಗಳು ಸರಿಯಾದದ್ದೇ.

ಮೊದಲು ಧೂಳು ತೆಗೆಯಬೇಕು. ಗಣಕ ಏಳುವಾಗ ತೆರೆಯುವ ಬಯೋಸ್ ಪುಟದಲ್ಲಿ ಇದ್ದ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಗುಣಕವನ್ನು ಒಂದೇ ಒಂದು ಹೆಚ್ಚಿಸಬೇಕು. ವೋಲ್ಟೇಜನ್ನು ಕೈಯಿಂದ ಏರಿಸಬಾರದು. ‘ಆಟೋ’ದಲ್ಲಿದ್ದರೆ ಕೆಲವು ಮದರ್‌ಬೋರ್ಡುಗಳು ತಾವಾಗಿಯೇ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತವೆ, ಅದರ ಮೇಲೂ ಕಣ್ಣಿರಲಿ. ಬಳಿಕ ಮಧ್ಯಾಹ್ನ ಎರಡು ಗಂಟೆಗೆ ಪ್ರೈಮ್95 ಎಂಬ ಪ್ರೋಗ್ರಾಂ ಒಂದು ತಾಸು ಓಡಿಸಬೇಕು. ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ ಪ್ರೋಗ್ರಾಂ ಇದು. ಲೆಕ್ಕದಲ್ಲಿ ಒಂದು ತಪ್ಪಾದರೂ ಹಿಡಿಯುತ್ತದೆ. ತಪ್ಪು ಬಂದರೆ, ಅಥವಾ ಶಾಖ 85 ಡಿಗ್ರಿ ದಾಟಿದರೆ, ಒಂದು ಮೆಟ್ಟಿಲು ಇಳಿಯಬೇಕು. ಸಂಜೆಯ ಗುಡುಗು ಶುರುವಾಗುವ ಮೊದಲೇ ಮುಗಿಸಿ ಪ್ಲಗ್ ಕೀಳಬೇಕು.

ಗಣಕ ಏಳದೇ ಹೋದರೂ ಗಾಬರಿ ಬೇಡ. ಕರೆಂಟಿನ ವಯರು ಕಿತ್ತು, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟರೆ ಸಾಮಾನ್ಯವಾಗಿ ಹಳೆಯ ಅಂಕಿಗಳು ಮರಳುತ್ತವೆ. ದಿನಾಂಕ, ಗಂಟೆಯನ್ನು ಮಾತ್ರ ಹೊಸದಾಗಿ ತುಂಬಬೇಕಾಗುತ್ತದೆ.