ಗೋವಿನಜೋಳದ ಬಿಳಿ ಪಟ್ಟೆಯೂ ಸತುವಿನ ಕೊರತೆಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಒಕ್ಕಲಿಗರಲ್ಲಿ ಒಂದು ರೂಢಿಯುಂಟು. ಗೋವಿನಜೋಳವು ಮೊಣಕಾಲೆತ್ತರಕ್ಕೆ ಬರುವ ಮುನ್ನ ಬಿಳಿಚಿಕೊಂಡರೆ, ಯೂರಿಯಾ ಸಾಲದೆಂದು ಬಗೆದು ಮತ್ತೊಂದು ಚೀಲವನ್ನು ತಂದು ಹಾಕುವರು. ಈ ರೂಢಿಯನ್ನು ಬಿಡುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.

ಬಿಳಿಚಿದ ಬೆಳೆಯೆಲ್ಲವೂ ಸಾರಜನಕಕ್ಕಾಗಿ ಹಸಿದುದಲ್ಲ. ಸಾರಜನಕವು ಕಡಿಮೆಯಾದರೆ ಕೆಳಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತ, ಆ ಹಳದಿಯು ನಡುನರದಗುಂಟ ಒಳಸರಿಯುವುದು. ಸತುವು ಕಡಿಮೆಯಾದರೋ ಸುಳಿಯ ಬಳಿಯ ಎಳೆಯ ಎಲೆಗಳಲ್ಲಿ, ನಡುನರದ ಇಕ್ಕೆಲಗಳಲ್ಲಿ, ಬುಡದ ಕಡೆಗೆ ಅಗಲವಾದ ಬಿಳಿ ಪಟ್ಟೆಗಳು ಮೂಡುವವು. ನರವೂ ಅಂಚೂ ಹಸಿರಾಗಿಯೇ ಉಳಿಯುವವು. ಭತ್ತದಲ್ಲಿ ಇದೇ ಕೊರತೆಯು ಎಲೆಗಳ ಮೇಲೆ ತುಕ್ಕುಬಣ್ಣದ ಚುಕ್ಕೆಗಳಾಗಿ ತೋರುವುದು. ಉತ್ತರದೇಶದಲ್ಲಿ 'ಖೈರಾ' ಎಂದು ಕರೆಯುವ ಈ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ವೈ. ಎಲ್. ನೇನೆಯವರು 1966ರಲ್ಲಿ ತೋರಿಸಿಕೊಟ್ಟರು.

ಹುಲ್ಲಿನ ಜಾತಿಯ ಬೆಳೆಗಳ ಬೇರುಗಳು ಮಣ್ಣಿಗೆ ಒಂದು ಬಗೆಯ ರಸವನ್ನು ಸ್ರವಿಸಿ, ಅದರ ಸಹಾಯದಿಂದ ಕಬ್ಬಿಣ, ಸತುವುಗಳನ್ನು ಸೆಳೆದುಕೊಳ್ಳುವವು. ಹೀಗೆ ಒಳಸೇರಿದ ಸತುವು ಸುಳಿಯ ಬೆಳವಣಿಗೆಗೆ ಆಧಾರವಾಗಿದೆ. ಆದರೆ ಸುಣ್ಣದಂಶವುಳ್ಳ ಎರೆಭೂಮಿಯಲ್ಲಿ ಸತುವು ಕರಗದೆ ಉಳಿಯುವುದು. ರಂಜಕವನ್ನು ಅತಿಯಾಗಿ ಹಾಕಿದಲ್ಲಿಯೂ ಬೆಳೆಗೆ ದೊರೆಯುವ ಸತುವು ಕುಗ್ಗುವುದು. ಆದುದರಿಂದ ವರ್ಷವರ್ಷವೂ ಡಿಎಪಿಯನ್ನು ಹೆಚ್ಚಿಸುತ್ತ ಹೋಗುವವನು ತನ್ನ ಹಣದಿಂದಲೇ ಕೊರತೆಯನ್ನು ಕೊಂಡಂತಾಗುವುದು.

ಕೊರತೆಯು ಪರೀಕ್ಷೆಯಿಂದ ನಿಶ್ಚಯವಾದಲ್ಲಿ ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಬಿತ್ತನೆಗೆ ಮುನ್ನ ಭೂಮಿಗೆ ಸೇರಿಸಬೇಕು. ಡಿಎಪಿಯೊಡನೆ ಎಂದಿಗೂ ಬೆರೆಸಲಾಗದು. ನಿಂತ ಬೆಳೆಗಾದರೆ, ಲೀಟರು ನೀರಿಗೆ 5 ಗ್ರಾಂ ಸತುವಿನ ಸಲ್ಫೇಟನ್ನೂ ಎರಡೂವರೆ ಗ್ರಾಂ ಅರಳಿದ ಸುಣ್ಣವನ್ನೂ ಕರಗಿಸಿ, ಸೋಸಿ, ಎಲೆಗಳ ಮೇಲೆ ಸಿಂಪಡಿಸಬಹುದು. ಹಾಕಿದ ಸತುವು ಮುಂದಿನ ಬೆಳೆಗಳಿಗೂ ಒದಗುವುದರಿಂದ ಪ್ರತಿವರ್ಷ ಹಾಕುವ ಅಗತ್ಯವಿಲ್ಲ.

ಮಣ್ಣು ಪರೀಕ್ಷೆಗೆ ಪುರಸತ್ತಿಲ್ಲವೆಂದು ಕೆಲವರು ಹೇಳುವರು. ಬೇಸಿಗೆಯಲ್ಲಿ ಹೊಲವು ಖಾಲಿಯಿರುವಾಗ ಮಣ್ಣು ತೆಗೆಯಲು ಒಂದು ಮುಂಜಾವು ಸಾಕು. 2009ರಲ್ಲಿ ಭೂಚೇತನ ಯೋಜನೆಯು ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮ ಹಾವೇರಿಯೂ ಒಂದು; ಮಣ್ಣನ್ನು ಪರೀಕ್ಷಿಸಿ ಸೂಕ್ಷ್ಮ ಪೋಷಕಾಂಶಗಳನ್ನು ಕೊಡುವುದೇ ಅದರ ತಿರುಳಾಗಿತ್ತು. ಆ ಪಾಠವನ್ನು ಮರೆತು, ಸಾಲದ ಹಣದಲ್ಲಿ ಬೇಡದ ಗೊಬ್ಬರವನ್ನು ಸುರಿಯುವುದು ಯಾವ ಒಕ್ಕಲಿಗನಿಗೂ ಹಿತವಲ್ಲ. ಮುಂದಿನ ಚೀಲವನ್ನು ತರುವ ಮುನ್ನ ಎಲೆಯನ್ನು ನೋಡಿರಿ. ಮುಂದಿನ ಬಿತ್ತನೆಗೆ ಮುನ್ನ ಮಣ್ಣನ್ನು ರೈತ ಸಂಪರ್ಕ ಕೇಂದ್ರಕ್ಕೆ ತನ್ನಿರಿ.